ಅಮ್ಮನ ಅಳತೆಗೆ ಕಟ್ಟಿದ ಮನೆ

ಹಿತ್ತಲಲ್ಲಿ ಅಮ್ಮನಿಗೊಂದು ಪುಟ್ಟ ಮನೆ ಕಟ್ಟಿಸೋಣ ಎಂದು ಹಲ್ಲಕ್ಕ ಬಾಯಿಬಿಟ್ಟು ಹೇಳಿದ್ದು ಅಮ್ಮ ಮಹಡಿ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ. ಯೋಚನೆ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಬಂದಿತ್ತು. ಬಿದ್ದದ್ದು ಒಂದು ನೆಪ ಒದಗಿಸಿತು, ಅಷ್ಟೇ.

ಹಲ್ಲಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಊರಿನ ದಂತವೈದ್ಯರಿಗೆಲ್ಲ ಕಟ್ಟು ಹಲ್ಲಿನ ಸೆಟ್ಟುಗಳನ್ನು ಮಾಡಿಕೊಡುವುದು ಅವಳ ಕೆಲಸ. ಐವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ, ಹುಟ್ಟಿದ ಮನೆ ಬಿಟ್ಟು ಬೇರೆಲ್ಲೂ ಮಲಗಿ ಎದ್ದವಳಲ್ಲ. ಅಮ್ಮನ ಬಾಯಲ್ಲಿದ್ದ ಸೆಟ್ಟೂ ಅವಳ ಕೈಯದೇ. "ಇವಳು ಮಾಡಿಕೊಟ್ಟ ಹಲ್ಲಲ್ಲೇ ಇವಳನ್ನ ಕಚ್ತೀನಿ ನೋಡಿ" ಎಂದು ಅಮ್ಮ ಬಂದವರ ಮುಂದೆ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು. ಹಲ್ಲಕ್ಕನೂ ನಗುತ್ತಿದ್ದಳು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆಗಿದ್ದವಳು. ಸಾಲಾಗಿ ಕೂತ ಆಪರೇಟರುಗಳ ಬೆನ್ನ ಹಿಂದೆ ಓಡಾಡುತ್ತಾ ಯಾರು ಯಾರ ಹತ್ತಿರ ಎಷ್ಟು ಹೊತ್ತು ಹರಟುತ್ತಾರೆ ಎಂದು ಕೇಳಿಸಿಕೊಳ್ಳುವುದೇ ಅವಳ ಉದ್ಯೋಗ. ನಿವೃತ್ತಿಯಾದ ಮೇಲೂ ಕಿವಿ ಡ್ಯೂಟಿ ಬಿಡಲಿಲ್ಲ. ಹಲ್ಲಕ್ಕ ಬಚ್ಚಲಿಗೆ ಹೋದದ್ದು, ಫೋನಿನಲ್ಲಿ ದನಿ ತಗ್ಗಿಸಿದ್ದು, ರೂಮಿನ ಬಾಗಿಲು ಹಾಕಿಕೊಂಡದ್ದು ಎಲ್ಲವೂ ಅವಳ ಲೆಕ್ಕಕ್ಕೆ ಬರುತ್ತಿತ್ತು. ಒಂದು ಕಾಲದಲ್ಲಿ ಹಲ್ಲಕ್ಕನ ಲ್ಯಾಬಿನಲ್ಲೇ ಲೋಹ ಎರಕ ಹೊಯ್ಯುವ ಕೆಲಸದವನೊಬ್ಬ ಮನೆಗೆ ಟೀ ಕುಡಿಯಲು ಬರತೊಡಗಿದ್ದ. ಎರಡನೇ ಸಲ ಬಂದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಸ್ವಂತದ ಹಲ್ಲು ಎಷ್ಟು ಉಳಿದಿದೆ? ಬಾಯಿ ತೆಗೀರಿ, ನೋಡೋಣ" ಎಂದಳು. ಆ ಮನುಷ್ಯ ನಿಜಕ್ಕೂ ಬಾಯಿ ತೆರೆದ. ಹಿಂದೆ ನಿಂತು ನೋಡಿದ ಹಲ್ಲಕ್ಕನಿಗೆ ಅವನು ಮತ್ತೆ ಬರದೆ ಹೋದದ್ದಕ್ಕಿಂತ ಆ ತೆರೆದ ಬಾಯಿಯೇ ಹೆಚ್ಚು ದಿನ ಮನಸ್ಸಿನಲ್ಲಿ ಉಳಿಯಿತು.

ಹಾಗಾಗಿ ಆಸ್ಪತ್ರೆಯಿಂದ ವಾಕರ್ ಹಿಡಿದು ಬಂದ ಅಮ್ಮನಿಗೆ ಅವಳು ಹೇಳಿದಳು: "ಮಹಡಿ ಹತ್ತೋದು ಇನ್ನು ನಿನ್ನ ಕೈಲಾಗಲ್ಲ. ಈ ಮನೆ ತುಂಬಾ ಹೊಸ್ತಿಲು, ಬಚ್ಚಲಿಗೆ ಮೆಟ್ಟಿಲು. ಹಿತ್ತಲಲ್ಲಿ ಜಾಗ ಇದೆಯಲ್ಲಮ್ಮ. ನಿನಗೆ ಅಂತಾನೇ ಒಂದು ಚಿಕ್ಕ ಮನೆ ಕಟ್ಟಿಸ್ತೀನಿ. ಎಲ್ಲಾ ನೆಲದ ಮಟ್ಟಕ್ಕೇ ಇರುತ್ತೆ."

ಜಗಳಕ್ಕೆ ಸಿದ್ಧವಾಗಿಯೇ ಮಾತೆತ್ತಿದ್ದಳು. ಅಮ್ಮ ಅವಳ ಮುಖ ನೋಡಿದಳು. ಆಮೇಲೆ, "ಕಟ್ಟಿಸು. ಕಟ್ಟಿಸೋದಾದ್ರೆ ಚೆನ್ನಾಗಿ ಕಟ್ಟಿಸು. ಕೋಳಿಗೂಡು ಮಾಡಬೇಡ" ಎಂದಳು.

ಹಲ್ಲಕ್ಕನಿಗೆ ನಂಬಲಾಗಲಿಲ್ಲ. ಆ ವಾರವೇ ಇಂಜಿನಿಯರನ್ನು ಕರೆಸಿದಳು. ಇಂಜಿನಿಯರ್ ಆಗಷ್ಟೇ ಸ್ವಂತ ಆಫೀಸು ತೆರೆದಿದ್ದ ಹೆಂಗಸು, ಹುಮ್ಮಸ್ಸಿನವಳು. ಹಿತ್ತಲಲ್ಲಿ ಟೇಪು ಹಿಡಿದು ಓಡಾಡಿ, ಕಾಂಪೌಂಡಿನಿಂದ ಇಷ್ಟು ಜಾಗ ಬಿಡಲೇಬೇಕು, ದೊಡ್ಡ ಮನೆಯ ಅರ್ಧಕ್ಕಿಂತ ದೊಡ್ಡದಾಗುವ ಹಾಗಿಲ್ಲ, ಹಳೇ ಚರಂಡಿಗೆ ಸೇರಿಸಬೇಕಾದರೆ ನೆಲವನ್ನು ಒಂದಷ್ಟು ಏರಿಸಬೇಕು ಎಂದೆಲ್ಲ ವಿವರಿಸಿದಳು. ಬಟ್ಟೆ ಒಣಗಿಸುವ ತಂತಿ, ಒಂದು ನಿಂಬೆ ಗಿಡ, ಅಪ್ಪ ಇದ್ದಾಗಿನ ಮುರುಕು ಶೆಡ್ಡು, ಹಿತ್ತಲೆಂದರೆ ಅಷ್ಟೇ. ಶೆಡ್ಡು ಬಿತ್ತು. ನಿಂಬೆ ಗಿಡ ಉಳಿಯಿತು, ಅಮ್ಮ ಮಲಗಿದಲ್ಲಿಂದಲೇ ಕಾಣಲಿ ಎಂದು.

ಸಂಜೆ ಕೆಲಸದಿಂದ ಬಂದವಳೇ ಹಲ್ಲಕ್ಕ ಖಾಲಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೋಡೆಗಳನ್ನು ಎಳೆಯುತ್ತಿದ್ದಳು. ಅಮ್ಮನ ವಾಕರ್ ತಂದು, ಒಂದು ಕಾಲು ಎಳೆಯುತ್ತಾ, ಸುಣ್ಣದ ಬಾಗಿಲಿನಿಂದ ಸುಣ್ಣದ ಬಚ್ಚಲಿಗೆ ನಡೆದು ನೋಡುತ್ತಿದ್ದಳು. ಎಲ್ಲಿ ತಿರುಗಲು ಕಷ್ಟವೋ ಅಲ್ಲಿ ಗೋಡೆ ಅಳಿಸಿ ಆಚೆಗೆ ಎಳೆಯುತ್ತಿದ್ದಳು. ಸ್ಟೂಲಿನ ಮೇಲೆ ಕೂತು ಕೈ ಚಾಚಿ, ಅಡುಗೆ ಕಟ್ಟೆ ಎಷ್ಟು ಎತ್ತರಕ್ಕಿದ್ದರೆ ಸರಿ, ಸ್ವಿಚ್ಚು ಎಲ್ಲಿದ್ದರೆ ಸರಿ ಎಂದು ಗುರುತು ಮಾಡುತ್ತಿದ್ದಳು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಅಮ್ಮನ ಮೇಲೆ ಎಂಥ ಜೀವ ನೋಡು" ಎಂದುಕೊಂಡರು. ವಸಡಿಗೆ ಒಂದು ಕೂದಲೆಳೆಯಷ್ಟೂ ಒತ್ತದ ಹಾಗೆ ಸೆಟ್ಟು ಕೂರಿಸುವ ಕೈ ಅವಳದು. ಈ ಮನೆಯನ್ನೂ ಹಾಗೇ ಕೂರಿಸಬೇಕೆಂಬ ಹಟ. ಎಲ್ಲೂ ಒತ್ತಬಾರದು, ಅಮ್ಮ ಗೊಣಗುತ್ತಾ ದೊಡ್ಡ ಮನೆಗೆ ವಾಪಸು ಬರಲು ಒಂದೂ ಕಾರಣ ಉಳಿಯಬಾರದು.

ಇಂಜಿನಿಯರ್ ಒಂದು ಮಾತು ಹೇಳಿದಳು. "ಮೇಡಂ, ದೊಡ್ಡ ಮನೆ ಹಿಂಬಾಗಿಲಿಗೂ ಒಂದು ಇಳಿಜಾರು ಹಾಕಿ, ಕಂಬಿ ಕೂರಿಸಿಬಿಡೋಣ. ಈ ಮೆಟ್ಟಿಲು ತುಂಬಾ ಎತ್ತರ. ಅಮ್ಮ ಬಂದು ಹೋಗಿ ಮಾಡಬೇಕಲ್ಲ."

"ಬೇಡ ಬಿಡಿ. ಅವರು ಬರೋ ಅಗತ್ಯ ಇರಲ್ಲ. ನಾನೇ ಹೋಗಿ ನೋಡ್ಕೊತೀನಿ" ಎಂದಳು ಹಲ್ಲಕ್ಕ.

ಅಮ್ಮ ಹಾಲಿನ ಕಿಟಕಿಯ ಬಳಿ ಕೂತಿದ್ದಳು.

ಹಲ್ಲಕ್ಕನಿಗೆ ಒಬ್ಬಳು ತಂಗಿ. ಅವಳ ಹೆಸರು ಏನೇ ಇರಲಿ, ಇಬ್ಬರು ಮಕ್ಕಳ ತಾಯಿಯಾದ ಮೇಲೂ ಮನೆಯಲ್ಲಿ ಅವಳು ಪುಟ್ಟಿಯೇ. ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆಯ ಫ್ಲ್ಯಾಟಿನಲ್ಲಿ ಗಂಡನ ಜೊತೆ ಇದ್ದಳು. ಮೊದಲು ಅಪರೂಪಕ್ಕೆ ಮುಖ ತೋರಿಸುತ್ತಿದ್ದವಳು ಪಾಯ ತೋಡಿದ ಮೇಲೆ ಪ್ರತಿ ಭಾನುವಾರ ಬರತೊಡಗಿದಳು. ಗೋಡೆ ಎದ್ದಿತು, ಛಾವಣಿ ಬಂತು, ಗಾರೆಯಾಯಿತು. ಪುಟ್ಟಿ ಟೈಲ್ಸಿನ ಬಣ್ಣ ಆರಿಸಿದಳು, ಅವಳ ಗಂಡ ಮೇಸ್ತ್ರಿಯ ಹತ್ತಿರ ನಿಂತು ತನಗೆ ಗೊತ್ತಿಲ್ಲದ ವಿಷಯಗಳ ಬಗ್ಗೆ ಜೋರಾಗಿ ಮಾತಾಡಿದ.

"ಅಕ್ಕಾ, ಒಂದು ಒಳ್ಳೆ ಬೀರು ಮಾಡಿಸ್ಬಿಡು ಗೋಡೆಗೆ. ಸೀರೆ, ಪುಸ್ತಕ ಎಲ್ಲಾ ಹಿಡೀಬೇಕಲ್ಲ" ಎಂದಳು ಪುಟ್ಟಿ ಒಂದು ದಿನ.

"ಅಮ್ಮ ಎಲ್ಲಿ ಪುಸ್ತಕ ಓದ್ತಾಳೆ?"

"ಹಾಗಲ್ಲ... ಇರಲಿ ಅಂತ" ಎಂದು ಪುಟ್ಟಿ ಮಕ್ಕಳನ್ನು ಕರೆಯುವ ನೆಪದಲ್ಲಿ ಎದ್ದು ಹೋದಳು. ತಂಗಿಗೆ ಕೊನೆಗೂ ಬುದ್ಧಿ ಬಂತು ಎಂದು ಹಲ್ಲಕ್ಕ ಸಂತೋಷಪಟ್ಟಳು. ಖಾಲಿಯಾಗುವ ದೊಡ್ಡ ಮನೆಯ ಮುಂದಿನ ರೂಮಿನಲ್ಲಿ ತನ್ನದೇ ಲ್ಯಾಬು ಹಾಕುವುದೆಂದು ನಿರ್ಧರಿಸಿದ್ದಳು. ಕೆಲಸದ ಮೇಜಿನ ಅಳತೆಯನ್ನೂ ಬಡಗಿಗೆ ಕೊಟ್ಟಾಗಿತ್ತು. ಬಾಗಿಲು ಹಾಕಿಕೊಂಡು, ರೇಡಿಯೋ ಹಚ್ಚಿ, ಯಾರೂ "ಏನೇ ಅದು ಸದ್ದು?" ಎಂದು ಕೇಳದ ಒಂದು ಮಧ್ಯಾಹ್ನವನ್ನು ಅವಳು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದಳು.

ಸುಣ್ಣಬಣ್ಣ ಮುಗಿದು ಕರೆಂಟಿನ ಕೆಲಸ ನಡೆಯುತ್ತಿದ್ದ ದಿನ ಅವಳು ಬೇಗ ಮನೆಗೆ ಬಂದಳು. ಎಲೆಕ್ಟ್ರಿಷಿಯನ್ ಹೊಸ ಮನೆಯ ಗೋಡೆಯ ಮುಂದೆ ಒಂದು ಕಾಲಿಂಗ್ ಬೆಲ್ ಹಿಡಿದು ನಿಂತಿದ್ದ.

"ಮೇಡಂ, ಬೆಲ್ಲು ಎಲ್ಲಿ ಕೂರಿಸಲಿ? ಮಂಚದ ತಲೆ ಹತ್ರಾನಾ, ಅಡುಗೆ ಕಟ್ಟೆ ಮೇಲಾ?"

"ಬೆಲ್ಲು ಅಲ್ಲಿ, ದೊಡ್ಡ ಮನೇಲಿ. ಇಲ್ಲಿ ಬರೋದು ಸ್ವಿಚ್ಚು. ಮಂಚದ ಪಕ್ಕ ಅಂತ ಹೇಳಿದ್ನಲ್ಲ."

"ಇಲ್ಲ ಮೇಡಂ, ಸ್ವಿಚ್ಚು ಆಗಲೇ ಅಲ್ಲಿ ಕೂರಿಸ್ಬಿಟ್ಟೆ. ಅಮ್ಮಾವ್ರ ಮಂಚದ ಪಕ್ಕ. ಬೆಲ್ಲು ಇಲ್ಲಿ ಅಂತ ಅವರೇ ಹೇಳಿದ್ರು."

"ಅವರಿಗೆ ತಪ್ಪು ತಿಳುವಳಿಕೆ ಆಗಿದೆ."

"ನಾನೂ ಕೇಳ್ದೆ ಮೇಡಂ" ಎಂದ ಅವನು ಮುಜುಗರದಿಂದ. "'ದೊಡ್ಡ ಮನೇಲಿರೋಳು ನಾನು, ಹಿತ್ತಲಲ್ಲಿರೋಳು ಅವಳು. ಕರೆಯೋರು ಯಾರು, ಬರೋರು ಯಾರು ನೀನೇ ಯೋಚನೆ ಮಾಡಪ್ಪ' ಅಂದ್ರು."

ಹಲ್ಲಕ್ಕ ದೊಡ್ಡ ಮನೆಗೆ ಓಡಿದಳು. ತಾನು ಲ್ಯಾಬಿಗೆಂದುಕೊಂಡಿದ್ದ ಮುಂದಿನ ರೂಮಿನಲ್ಲಿ ಅಮ್ಮನ ಮಂಚ. ಅದರ ಪಕ್ಕ ಗೋಡೆಯಲ್ಲಿ ಬಿಳೀ ಸ್ವಿಚ್ಚು. ಪುಟ್ಟಿ ಕುರ್ಚಿಯ ಮೇಲೆ ನಿಂತು ಕಿಟಕಿಗೆ ಪರದೆ ಕಟ್ಟುತ್ತಿದ್ದಳು, ಅಕ್ಕನನ್ನು ಕಂಡು ಇಳಿದು ಒಳಗೆ ಹೋದಳು.

"ಏನಮ್ಮಾ ಇದು?"

"ಪುಟ್ಟಿ ಸಂಸಾರ ಇಲ್ಲಿಗೆ ಬರ್ತಿದೆ" ಎಂದಳು ಅಮ್ಮ. "ಮಹಡಿ ಅವರಿಗೆ. ನಾನು ಇಲ್ಲಿ ಕೆಳಗೆ. ನೀನು ಹಿಂದಿನ ಮನೇಲಿ ಇರ್ತೀಯ. ನಿನಗೊಬ್ಬಳಿಗೆ ಸಾಕಲ್ಲ?"

"ಅದು ನಿನಗೆ ಅಂತ ಕಟ್ಟಿಸಿದ್ದು!"

"ಗೊತ್ತು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ನಿನಗೇ ಅಂತ ಹೇಳಿದ್ದಿದ್ರೆ ಯಾವುದೋ ಒಂದು ಡಬ್ಬ ಕಟ್ಟಿಸ್ಕೊಂಡು ಸುಮ್ಮನಾಗ್ತಿದ್ದೆ ನೀನು. ನನಗೆ ಅಂದಿದ್ದಕ್ಕೆ ಎಷ್ಟು ಚೆನ್ನಾಗಿ ಬಂದಿದೆ ನೋಡು. ನಿನ್ನ ಒಳ್ಳೇದಕ್ಕೇ ಕಣೇ."

ಹಲ್ಲಕ್ಕ ಸ್ವಿಚ್ಚಿನಿಂದ ಕಣ್ಣೆತ್ತಿ ಅಮ್ಮನನ್ನು ನೋಡಿದಳು.

"ಹಾಗೆ ಕಣ್ಣು ಬಿಡಬೇಡ" ಎಂದು ಅಮ್ಮ ದನಿ ತಗ್ಗಿಸಿದಳು. "ನನ್ನನ್ನ ಹಿತ್ತಲಿಗೆ ಹಾಕೋಕೆ ಹೊರಟೋಳು ನೀನು. ನಾನೇನು ಕುರುಡಿಯಾ? ಒಲೆಯಿಂದ ಬಚ್ಚಲವರೆಗೆ ಎಲ್ಲಾ ಇಟ್ಟೆ ಅಲ್ಲಿ. ಹಿಂಬಾಗಿಲಿಗೆ ಒಂದು ಕಂಬಿ ಹಾಕಿಸು ಅಂದ್ರೆ ಬೇಡ ಅಂದೆ. ಕಿಟಕೀಲಿ ಕೂತು ಕೇಳಿಸ್ಕೊಂಡೆ ನಾನು. ಒಂದು ಸಲ ಆಚೆ ಹಾಕಿದ್ರೆ ಮುದುಕಿ ಮತ್ತೆ ಒಳಗೆ ಬರಬಾರದು, ಅಲ್ವಾ?"

ಅದು ಸುಳ್ಳಾಗಿದ್ದರೆ ಹಲ್ಲಕ್ಕ ಕಿರುಚಾಡುತ್ತಿದ್ದಳು. ಸುಳ್ಳಾಗಿರಲಿಲ್ಲ. ತನ್ನ ಸೀರೆ, ಪುಸ್ತಕ ತೆಗೆದುಕೊಂಡು ಹೋಗಿ ಹಿತ್ತಲ ಮನೆಯ ಬೀರುವಿನಲ್ಲಿ ಜೋಡಿಸಿದಳು. ಎಲ್ಲವೂ ಹಿಡಿಯಿತು.

ಆ ಮನೆಯಲ್ಲಿ ಅವಳ ದೇಹಕ್ಕೆ ಯಾವುದೂ ಒಗ್ಗಲಿಲ್ಲ. ಹಲ್ಲಕ್ಕ ಎತ್ತರದ ಹೆಂಗಸು, ಅಮ್ಮ ಗಿಡ್ಡ. ಕೂತು ಅಡುಗೆ ಮಾಡುವವಳಿಗೆಂದು ಹಾಕಿಸಿದ ಕಟ್ಟೆಯ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಕನ್ನಡಿಯಲ್ಲಿ ಕತ್ತಿನ ಮೇಲಿನದು ಕಾಣುತ್ತಿರಲಿಲ್ಲ. ಬೆಲ್ಲು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನೀರಿಗೆ, ಹೊದಿಕೆಗೆ, ಬಿದ್ದ ಕನ್ನಡಕಕ್ಕೆ, ಟಿವಿಯ ಸದ್ದು ಜಾಸ್ತಿಯಾದದ್ದಕ್ಕೆ. ಅದೇ ರೂಮಿನಲ್ಲಿ ಅಳಿಯ ಕಾಲು ಚಾಚಿ ಕೂತಿರುತ್ತಿದ್ದ. "ಅಯ್ಯೋ, ನಾನೇ ಕೊಡ್ತಿದ್ನಲ್ಲ ಅತ್ತಿಗೆ" ಎನ್ನುತ್ತಿದ್ದ, ಅವಳು ಹಿತ್ತಲು ದಾಟಿ ಬಂದು ಎಲ್ಲ ಮುಗಿಸಿದ ಮೇಲೆ. ಪುಟ್ಟಿಯಂತೂ ಅಮ್ಮನ ಕೆಲಸವನ್ನೆಲ್ಲ ಅಕ್ಕನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಪುಟ್ಟಿಯ ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದರು. ಹಲ್ಲಕ್ಕ ಮೇಣದಲ್ಲಿ ಒಂದು ಕೆಳ ದವಡೆಯ ಸಾಲು ಜೋಡಿಸುತ್ತಿದ್ದಳು. ಬೆಲ್ಲು ಬಡಿಯಿತು. ಕೈಯಲ್ಲಿದ್ದ ಹಲ್ಲನ್ನು ಕೂರಿಸಿ ಏಳೋಣ ಎಂದುಕೊಂಡಳು. ಮತ್ತೆ ಬಡಿಯಿತು. ಅದನ್ನು ಕೂರಿಸಿದ ಮೇಲೆ ಪಕ್ಕದ್ದನ್ನು ಕೈಗೆತ್ತಿಕೊಂಡಳು. ಬೆಲ್ಲು ಬಿಡದೆ ಬಡಿದು ಬಡಿದು ಕೊನೆಗೆ ನಿಂತಿತು. ತಲೆ ಎತ್ತಿದರೆ, ಮಲಗಿದವರಿಗೂ ಹಿತ್ತಲೆಲ್ಲ ಕಾಣಲೆಂದು ತಗ್ಗಿನಲ್ಲಿ ಇಟ್ಟ ಕಿಟಕಿಯಲ್ಲಿ ದೊಡ್ಡ ಮನೆಯ ಹಿಂಬಾಗಿಲು ಕಾಣಿಸಿತು. ಬಾಗಿಲು ತೆರೆದಿತ್ತು. ಅಮ್ಮ ವಾಕರ್ ಹಿಡಿದು ಮೇಲಿನ ಮೆಟ್ಟಿಲಿನ ಅಂಚಿಗೆ ಬಂದು ನಿಂತಿದ್ದಳು.

"ಲೇ! ಕಿವುಡಾಗಿದೆಯೇನೇ?" ಎಂದು ಕೂಗಿದಳು.

ಹಲ್ಲಕ್ಕ ಅಲುಗಾಡಲಿಲ್ಲ. ಓಡಿ ಹೋಗುವಷ್ಟು ಸಮಯ ಇತ್ತು. "ಅಲ್ಲೇ ನಿಲ್ಲಮ್ಮಾ, ಬಂದೆ" ಎನ್ನುವಷ್ಟಂತೂ ಖಂಡಿತ ಇತ್ತು. ಅಮ್ಮ ವಾಕರಿನ ಮುಂಗಾಲುಗಳನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ, ಅದು ನಿಂತಿತೋ ಇಲ್ಲವೋ ಎಂದು ಅಲ್ಲಾಡಿಸಿ ನೋಡಿದಳು. ಬರಲಿ, ಒಂದು ಸಲ ತಾನೇ ಬರಲಿ ಎಂದುಕೊಂಡು ಹಲ್ಲಕ್ಕ ನೋಡುತ್ತಲೇ ಇದ್ದಳು. ಬೀಳಲಿ ಎಂದುಕೊಂಡಿರಲಿಲ್ಲ, ಬೀಳುತ್ತಾಳೆ ಎಂದು ಗೊತ್ತಿತ್ತು. ವಾಕರ್ ಮುಗ್ಗರಿಸಿತು. ಅಮ್ಮ ಕೂಗಲೂ ಇಲ್ಲ. ಕಲ್ಲಿಗೆ ಏನೋ ಬಡಿದ ಸದ್ದು ಕೇಳಿದ ಮೇಲೆ ಹಲ್ಲಕ್ಕ ಓಡಿದಳು.

ಅಮ್ಮ ಮಗ್ಗುಲಾಗಿ ಬಿದ್ದಿದ್ದಳು. ಹಲ್ಲಿನ ಸೆಟ್ಟು ಬಾಯಿಂದ ಹಾರಿ ಎರಡು ಹೋಳಾಗಿತ್ತು. ಬೊಚ್ಚು ಬಾಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ನೋಡ್ತಾ ಕೂತಿದ್ದೆ ನೀನು."

"ಹೌದು" ಎಂದಳು ಹಲ್ಲಕ್ಕ. ಆಂಬುಲೆನ್ಸಿಗೆ ಫೋನ್ ಮಾಡಿದಳು.

ಈ ಸಲ ಇನ್ನೊಂದು ಸೊಂಟ. ನಡೆಯುವ ಮಾತೇ ಇಲ್ಲ, ಇನ್ನೇನಿದ್ದರೂ ಗಾಲಿಕುರ್ಚಿ ಎಂದರು ಡಾಕ್ಟರು. ದೊಡ್ಡ ಮನೆಯ ಬಾಗಿಲುಗಳು ಗಾಲಿಕುರ್ಚಿಗೆ ಸಾಲುವಷ್ಟು ಅಗಲವಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಪುಟ್ಟಿ ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕಾ, ಅಮ್ಮನ್ನ ಹಿಂದಿನ ಮನೆಗೆ ಕರ್ಕೊಂಡು ಹೋಗೋಣ. ನೀನು ಒಳಗೆ ಬಂದ್ಬಿಡು. ಅಲ್ಲಿ ಎಲ್ಲಾ ಅಮ್ಮನ ಅಳತೆಗೇ ಇದೆಯಲ್ಲ."

"ಅದು ನನ್ನ ಒಳ್ಳೇದಕ್ಕೆ ಕಟ್ಟಿಸಿದ್ದಂತೆ ಕಣೇ" ಎಂದಳು ಹಲ್ಲಕ್ಕ. "ಅಮ್ಮನನ್ನೇ ಕೇಳು. ಅವಳಾಗಿ ನನ್ನ ಹತ್ರ ಕೇಳಲಿ, ಕೊಡ್ತೀನಿ."

ಅಮ್ಮ ಕೇಳಲಿಲ್ಲ. ಮುಂದಿನ ರೂಮಿಗೇ ವಾಪಸು ಬಂದಳು. ಹಲ್ಲಕ್ಕ ಬೆಲ್ಲಿನ ತಂತಿ ಕತ್ತರಿಸಿ ಹಾಕಿದಳು. ಈಗ ಎತ್ತುವುದು, ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಪುಟ್ಟಿಯ ಪಾಲಿಗೆ ಬಂತು. ಮುದ್ದಿನ ಮಗಳಿಗೆ ಅದು ಬೇಗ ಸಾಕಾಯಿತು. ಮೊದಲು ಮೂಗಿಗೆ ಸೆರಗು ಬಂತು, ಆಮೇಲೆ ಬಾಯಿಗೆ ಗೊಣಗು ಬಂತು, ಆಮೇಲೆ ಅಮ್ಮನಿಗೆ ಸಂಜೆಯ ಟೀ ಬರುವುದು ನಿಂತಿತು, ಒದ್ದೆ ಮಾಡಿಕೊಳ್ಳುತ್ತಾಳೆಂದು. ಒಂದು ಸಲ ಹಲ್ಲಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಒಳಗಿನಿಂದ ಪುಟ್ಟಿಯ ದನಿ ಕೇಳಿತು: "ಇನ್ನೂ ಎಷ್ಟು ದಿನ ಅಂತ ಇದು? ಹೇಳಮ್ಮಾ, ನೀನೇ ಹೇಳು!" ಅಮ್ಮನ ಉತ್ತರ ಕೇಳಿಸಲಿಲ್ಲ. ಹಲ್ಲಕ್ಕ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿ ಒಳಗೆ ಹೋದಳು. ಅವಳಿಗೆ ಬೇಕಾದಷ್ಟು ಸಂತೋಷವಾಯಿತು, ಅದನ್ನು ಮುಚ್ಚಿಡಬೇಕು ಅನ್ನಿಸಲೂ ಇಲ್ಲ.

ಕೊನೆಗೆ ಅಳಿಯನಿಗೆ ಇದ್ದಕ್ಕಿದ್ದಂತೆ ಮಕ್ಕಳ ಸ್ಕೂಲು ದೂರವಾಯಿತು. ಒಂದು ಬೆಳಿಗ್ಗೆ ಲಾರಿ ಬಂದು ಸಾಮಾನು ಹೇರಿಕೊಂಡು ಹೋಯಿತು. ಪುಟ್ಟಿ ಅಮ್ಮನ ಕಾಲು ಮುಟ್ಟಿ ಅತ್ತಳು, ಪ್ರತಿ ಭಾನುವಾರ ಬರುತ್ತೇನೆಂದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಆ ಸಂಜೆ ಹಲ್ಲಕ್ಕ ಮಂಚದ ಪಕ್ಕ ಬಂದು ನಿಂತಳು. ಇಬ್ಬರಿಗೂ ಗೊತ್ತಿತ್ತು ಏನು ಮಾಡಬೇಕೆಂದು. ಅಮ್ಮನ ಹಾಸಿಗೆ ಹಿತ್ತಲ ಮನೆಗೆ, ಮಗಳ ಹಾಸಿಗೆ ಇಲ್ಲಿಗೆ ಬದಲಾಯಿಸಿದರೆ ಮುಗಿಯಿತು.

"ಹಿಂದಿನ ಮನೆ ಬಾಡಿಗೆಗೆ ಕೊಡಲಾ?" ಎಂದು ಕೇಳಿದಳು ಹಲ್ಲಕ್ಕ. 'ಬೇಡ, ನಾನು ಹೋಗ್ತೀನಿ' ಎಂದು ಅಮ್ಮ ಅಂದಿದ್ದರೆ ಸಾಕಿತ್ತು. ಅಷ್ಟು ಹೊತ್ತಿಗೆ ಹಲ್ಲಕ್ಕ ಗಾಲಿಕುರ್ಚಿಯನ್ನು ಹಿತ್ತಲಲ್ಲಿ ಒರೆಸಿ ಇಟ್ಟು ಬಂದಿದ್ದಳು.

ಅಮ್ಮ ಅವಳನ್ನೇ ನೋಡುತ್ತಾ, "ಕೊಡು" ಎಂದಳು. "ಖಾಲಿ ಬಿಟ್ಟು ಏನು ಮಾಡ್ತೀಯ?"

ಬಂದವನು ಒಬ್ಬ ವಾಚ್ ರಿಪೇರಿಯವನು. ಎರಡೂ ಕಾಲು ಸ್ವಾಧೀನದಲ್ಲಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಒಳಗೆ ಹೋದವನು ಒಂದು ಸುತ್ತು ತಿರುಗಿ, ಕೂತಲ್ಲಿಂದಲೇ ನಲ್ಲಿ ತಿರುಗಿಸಿ, ದೀಪ ಹಾಕಿ ಆರಿಸಿ, ಮಗುವಿನ ಹಾಗೆ ನಕ್ಕುಬಿಟ್ಟ. ಎರಡೇ ದಿನದಲ್ಲಿ ದೊಡ್ಡ ಮನೆಯ ಪಕ್ಕದ ಕಿಟಕಿಯ ಕೆಳಗೆ ಗಾಲಿಕುರ್ಚಿ ನಿಲ್ಲಿಸಿ ಕೂಗಿದ: "ಅಮ್ಮಾ, ಒಳಗೆ ಬರೋಕೆ ನಿಮ್ಮ ಮೆಟ್ಟಿಲು ಬಿಡಲ್ಲ, ಇಲ್ಲಿಂದಲೇ ನಮಸ್ಕಾರ. ಎಂಥ ಮನೆ ಕಟ್ಟಿಸಿದೀರಿ! ಯಾರಿಗೋ ತುಂಬಾ ಬೇಕಾದವರಿಗೆ ಕಟ್ಟಿಸಿದ ಹಾಗಿದೆ."

ಅಮ್ಮ, "ಇರಪ್ಪ, ಸುಖವಾಗಿರು" ಎಂದಳು. ಅಂಥ ಮೆತ್ತನೆ ದನಿಯನ್ನು ಹಲ್ಲಕ್ಕ ತನ್ನ ಜನ್ಮದಲ್ಲಿ ಕೇಳಿರಲಿಲ್ಲ.

ಹಲ್ಲಕ್ಕ ಮಹಡಿಯ ತನ್ನ ಹಳೇ ರೂಮಿಗೆ ಬಂದಿದ್ದಳು. ಮನೆಯೇನೋ ಅವಳದೇ ಆಯಿತು, ರೇಡಿಯೋ ಹಚ್ಚುವ ಬಿಡುವು ಮಾತ್ರ ಸಿಗಲಿಲ್ಲ. ಬೆಳಿಗ್ಗೆ ಎದ್ದರೆ ಅಮ್ಮನನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು, ಕಿರಿದಾದ ಬಾಗಿಲಲ್ಲಿ ಓರೆಯಾಗಿ ನುಸುಳಿ, ಬಚ್ಚಲ ಮೆಟ್ಟಿಲು ಹತ್ತಿ ಸ್ಟೂಲಿನ ಮೇಲೆ ಕೂರಿಸಬೇಕು. ಅವಳ ಬೆನ್ನು ಹೋಗಿತ್ತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು. ಅಮ್ಮನ ಮೊಣಕೈ ದಿನಾ ಬಾಗಿಲ ಚೌಕಟ್ಟಿಗೆ ತಗುಲಿ ಕಪ್ಪುಗಟ್ಟಿತ್ತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೆನ್ನಿಗೆ ನೀರು ಹೊಯ್ಯುತ್ತಿದ್ದಾಗ ಅಮ್ಮ ಕೇಳಿದಳು: "ಅಲ್ಲಿ ಬಚ್ಚಲು ಹೇಗಿದೆಯೇ? ನಾನು ಒಳಗೆ ಹೋಗಿ ನೋಡಲೇ ಇಲ್ಲ."

ಹಲ್ಲಕ್ಕ ಚೊಂಬು ಕೆಳಗಿಟ್ಟು ಹೇಳಿದಳು, ಒಂದನ್ನೂ ಬಿಡದೆ. ನೆಲಕ್ಕೆ ಜಾರದ ಕಲ್ಲು. ಗಾಲಿಕುರ್ಚಿ ಸೀದಾ ಒಳಗೆ ಹೋಗುತ್ತೆ. ಗೋಡೆಗೆ ಕಂಬಿ, ಮಡಚುವ ಸೀಟು. ಯಾರೂ ಮುಟ್ಟಬೇಕಾಗಿಲ್ಲ, ಯಾರೂ ಎತ್ತಬೇಕಾಗಿಲ್ಲ. ಅಮ್ಮ ಒದ್ದೆ ಮೈಯಲ್ಲಿ ನಡುಗುತ್ತಾ ಕೊನೆಯವರೆಗೂ ಕೇಳಿಸಿಕೊಂಡಳು.

"ಬಿಸಿನೀರು?"

"ತಿರುಗಿಸಿದ ತಕ್ಷಣ ಬರುತ್ತೆ."

"ಹ್ಞೂಂ" ಎಂದಳು ಅಮ್ಮ. "ಆ ಮನುಷ್ಯ ಒಳ್ಳೆಯವನ ಹಾಗೆ ಕಾಣ್ತಾನೆ. ಇನ್ನೂ ಒಂದು ವರ್ಷ ಇರಲಿ ಅಂತ ಹೇಳು."

ಹಲ್ಲಕ್ಕ ಟವೆಲ್ಲು ಹೊದಿಸಿ, ತೋಳುಗಳನ್ನು ಅವಳ ಮಂಡಿಯ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು ಎತ್ತಿದಳು.